ಟೋಕಿಯೋದಲ್ಲಿ ಹೆಂಗಸರ 100 ಮೀಟರ್ ಓಟ ನೋಡಿ ಬಂದೆವು: ವೀಸಾದಿಂದ ಫೈನಲ್‌ವರೆಗೆ

2025ರ ಸೆಪ್ಟೆಂಬರ್ 14ರ ರಾತ್ರಿ ಟೋಕಿಯೋದ ನ್ಯಾಷನಲ್ ಸ್ಟೇಡಿಯಂನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳೆಯರ 100 ಮೀಟರ್ ಫೈನಲ್ ನಡೆಯಿತು. ಅಮೆರಿಕದ ಮೆಲಿಸ್ಸಾ ಜೆಫರ್ಸನ್-ವುಡನ್ 10.61 ಸೆಕೆಂಡಿನಲ್ಲಿ ಗೆದ್ದರು. ಆ ಓಟವನ್ನು ನಾನೂ ನನ್ನ ತಂಗಿಯ ಮಗಳೂ ಕಣ್ಣಾರೆ ನೋಡಿದೆವು. ಹನ್ನೊಂದು ಸೆಕೆಂಡೂ ಹಿಡಿಯದ ಒಂದು ಓಟಕ್ಕಾಗಿ ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಕಾಗದ ಪತ್ರ ಹಿಡಿದು ಓಡಾಡಿದ್ದೇವೆ. 2026ರ ಏಷ್ಯನ್ ಗೇಮ್ಸ್ ಕೂಡ ಜಪಾನಿನಲ್ಲೇ. ಹೋಗಬೇಕು ಅಂದುಕೊಂಡವರು ನಮ್ಮ ಹಾಗೆ ಒಂದೊಂದನ್ನೂ ತಡಕಾಡಿ ಕಲಿಯುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳಿಗೆ ಸ್ಟಾರ್ಟ್ ಹೇಳಿಕೊಟ್ಟುಕೊಂಡು ಬಂದವಳು. ಕಾಲೇಜು ದಿನಗಳಲ್ಲಿ ನಾನೂ 100 ಮತ್ತು 200 ಮೀಟರ್ ಓಡುತ್ತಿದ್ದೆ. ಆಗ ನಮಗೆಲ್ಲ ಅಶ್ವಿನಿ ನಾಚಪ್ಪ ಅಂದರೆ ಪ್ರಾಣ. ಕೊಡಗಿನ ಹುಡುಗಿ ಪಿ.ಟಿ. ಉಷಾ ಅವರನ್ನೇ ಹಿಂದೆ ಹಾಕಿದ್ದಳು ಅನ್ನುವುದು ನಮ್ಮ ಹಾಸ್ಟೆಲಿನಲ್ಲಿ ಮುಗಿಯದ ಮಾತಾಗಿತ್ತು. ತಂಗಿಯ ಮಗಳು ಈಗ ದ್ವಿತೀಯ ಪಿಯುಸಿ. ಅವಳೂ 100 ಮೀಟರ್ ಓಟಗಾರ್ತಿ. ವಿಶ್ವ ಮಟ್ಟದ ಓಟವನ್ನು ಅವಳು ಒಮ್ಮೆಯಾದರೂ ಎದುರಿಗೆ ಕೂತು ನೋಡಬೇಕು ಅನ್ನುವುದು ನನ್ನ ಹಟ. ಟಿವಿಯಲ್ಲಿ ಕ್ಯಾಮೆರಾ ಕೂಡ ಓಟಗಾರ್ತಿಯರ ಜೊತೆಗೇ ಸಾಗುತ್ತದೆ. ಹಾಗಾಗಿ ವೇಗ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎಲ್ಲರೂ ಹಗುರಾಗಿ ತೇಲಿಕೊಂಡು ಹೋದ ಹಾಗೆ ಕಾಣುತ್ತದೆ, ಅಷ್ಟೇ.

ಮೊದಲು ಟಿಕೆಟ್ ವಿಷಯ. ಚಾಂಪಿಯನ್‌ಷಿಪ್ ಸೆಪ್ಟೆಂಬರ್ 13ರಿಂದ 21ರವರೆಗೆ ಇತ್ತು. ಟಿಕೆಟ್ ಕೊಡುವುದು ಒಂದು ಓಟಕ್ಕಲ್ಲ, ಒಂದು ಹೊತ್ತಿಗೆ. ಸಂಜೆಯ ಟಿಕೆಟ್ ತಗೊಂಡರೆ ಆ ಸಂಜೆ ನಡೆಯುವುದೆಲ್ಲವನ್ನೂ ನೋಡಬಹುದು. ಮಹಿಳೆಯರ 100 ಮೀಟರ್ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟಗಳು, 13ರ ಸಂಜೆ; ಸೆಮಿಫೈನಲ್ ಮತ್ತು ಫೈನಲ್ ಎರಡೂ 14ರ ರಾತ್ರಿ. ತುಂಬಾ ಜನ 14ರದ್ದು ಮಾತ್ರ ತಗೊಳ್ಳುತ್ತಾರೆ. ನಾನು ಕೇಳಿದರೆ ಎರಡೂ ತಗೊಳ್ಳಿ ಅನ್ನುತ್ತೇನೆ. ದುಡ್ಡು ಒಂದಕ್ಕೇ ಸಾಲುವುದಾದರೆ, ನಿಮ್ಮ ಜೊತೆ ಓಡುವ ಮಗು ಇದ್ದರೆ, ಹೀಟ್ಸ್ ಸಂಜೆಯದ್ದೇ ತಗೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟಿಕೆಟ್ ತಗೊಳ್ಳುವಾಗ ಎರಡು ಕಡೆ ಸಿಕ್ಕಿಹಾಕಿಕೊಂಡೆವು. ನಮ್ಮಲ್ಲಿ ಬ್ಯಾಂಕುಗಳು ಕಾರ್ಡ್ ಕೊಡುವಾಗ ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಕೊಡುತ್ತವೆ. ವಿದೇಶಿ ವ್ಯವಹಾರವನ್ನು ನಾವೇ ಆ್ಯಪ್‌ನಲ್ಲಿ ಹೋಗಿ ಚಾಲೂ ಮಾಡಬೇಕು, ಮಿತಿಯನ್ನೂ ಹಾಕಬೇಕು. ಟಿಕೆಟ್ ಬುಕ್ ಮಾಡಲು ಕೂರುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ. ಎರಡನೆಯದು ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಬಹಳ ಜನರದ್ದು ಹಾಗೇ ಅಲ್ವಾ? ಹೆಸರು, ಅದರ ಮುಂದೆ ಊರಿನದೋ ಅಪ್ಪನದೋ ಒಂದು ಇನಿಷಿಯಲ್, ಅಲ್ಲಿಗೆ ಮುಗಿಯಿತು. ಆದರೆ ಜಾಲತಾಣ ಎರಡೂ ಖಾನೆ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಟಿಕೆಟ್‌ಗೆ ಹೆಸರನ್ನೇ ಎರಡೂ ಖಾನೆಯಲ್ಲಿ ತುಂಬಿದೆವು, ಯಾರೂ ಏನೂ ಕೇಳಲಿಲ್ಲ. ವಿಮಾನದ ಟಿಕೆಟ್‌ಗೆ ಮಾತ್ರ ಹಾಗೆ ಸುಮ್ನೆ ತುಂಬಬೇಡಿ. ವಿಮಾನ ಕಂಪನಿಗೆ ಫೋನ್ ಮಾಡಿ, ಒಂದೇ ಹೆಸರಿದ್ದರೆ ಅವರ ಪದ್ಧತಿ ಏನು ಅಂತ ಕೇಳಿಯೇ ಬುಕ್ ಮಾಡಿ. ಒಬ್ಬೊಬ್ಬರದು ಒಂದೊಂದು ಕ್ರಮ.

ಸೀಟು ಎಲ್ಲಿ ಹಿಡಿಯಬೇಕು ಅನ್ನುವುದೂ ಮುಖ್ಯ. ಎಲ್ಲರಿಗೂ ಫಿನಿಷ್ ಗೆರೆಯ ಎದುರೇ ಬೇಕು, ಅಲ್ಲಿ ಬೆಲೆಯೂ ಜಾಸ್ತಿ. ನಾವು ಅದೇ ನೇರದಲ್ಲಿ, ಅರವತ್ತರಿಂದ ಎಂಬತ್ತು ಮೀಟರ್ ಗುರುತಿನ ಎದುರಿಗೆ, ಮೇಲಿನ ಹಂತದಲ್ಲಿ ಹಿಡಿದೆವು. ಇದು ನಾನು ಯೋಚಿಸಿಯೇ ಮಾಡಿದ್ದು. 100 ಮೀಟರಿನಲ್ಲಿ ಗೆಲುವು ಗೊತ್ತಾಗುವುದು ಅಲ್ಲೇ. ಅಲ್ಲಿಂದ ಮುಂದೆ ಯಾರೂ ವೇಗ ಹೆಚ್ಚಿಸುವುದಿಲ್ಲ. ಇರುವ ವೇಗವನ್ನು ಯಾರು ಕಡಿಮೆ ಕಳೆದುಕೊಳ್ಳುತ್ತಾರೋ ಅವರು ಮುಂದೆ ಬರುತ್ತಾರೆ. ಇಬ್ಬರಿಗೆ ಎರಡು ಸಂಜೆಯ ಟಿಕೆಟ್ ಸೇರಿ ನಲವತ್ತು ಸಾವಿರ ರೂಪಾಯಿಯ ಹತ್ತಿರ ಬಂತು.

ಆಮೇಲೆ ಶುರುವಾಯಿತು ಕಾಗದ ಪತ್ರದ ಓಟ.

ಸರ್ಕಾರಿ ಸಂಬಳದಲ್ಲಿ ಇರುವವರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪಡೆಯಬೇಕು. ನಾನು ಬೇಸಿಗೆ ರಜೆಯಲ್ಲೇ ಅರ್ಜಿ ಕೊಟ್ಟಿದ್ದೆ. ಫೈಲು ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಶಾಲೆ ಶುರುವಾಗಿ, ಘಟಕ ಪರೀಕ್ಷೆ ಮುಗಿದು, ಹೋಬಳಿ ಮಟ್ಟದ ಕ್ರೀಡಾಕೂಟವೂ ಬಂತು. ಖರ್ಚನ್ನು ಯಾರು ಕೊಡುತ್ತಾರೆ, ಹಣ ಎಲ್ಲಿಂದ, ಯಾಕೆ ಹೋಗುತ್ತಿದ್ದೀರಿ ಅಂತ ಮೂರು ಬೇರೆ ಬೇರೆ ಪತ್ರದಲ್ಲಿ ಕೇಳಿದರು. ‘ಓಟ ನೋಡುವುದಕ್ಕೆ’ ಅಂತ ಬರೆದಿದ್ದೆ. ಗುಮಾಸ್ತರೊಬ್ಬರು ಕನ್ನಡಕ ತೆಗೆದು ನನ್ನನ್ನೇ ನೋಡಿ, ‘ಮೇಡಂ, ಓಟ ನೋಡೋಕೆ ಜಪಾನಾ?’ ಅಂದರು. ಬೇಜಾರಾಯಿತು. ಕ್ರಿಕೆಟ್ ನೋಡುವುದಕ್ಕೆ ಅಂತ ನಾನು ಬರೆದಿದ್ದರೆ ಅದೇ ಸಾಹೇಬರು ಹಾಗೆ ಕೇಳುತ್ತಿರಲಿಲ್ಲ ಅನ್ನಿಸಿತು. ಅನುಮತಿ ಪತ್ರ ಕೈಗೆ ಬರುವಷ್ಟರಲ್ಲಿ ಆಗಸ್ಟ್ ಬಂದಿತ್ತು. ನನ್ನಂಥ ಶಿಕ್ಷಕರು ಯಾರಾದರೂ ಹೊರಡುವುದಿದ್ದರೆ ಆರು ತಿಂಗಳ ಮುಂಚೆಯೇ ಅರ್ಜಿ ಕೊಡಿ. ಬ್ಯಾಂಕಿನ ಸ್ಟೇಟ್‌ಮೆಂಟ್ ಮತ್ತು ಖರ್ಚಿನ ಅಂದಾಜನ್ನು ಮೊದಲ ಅರ್ಜಿಗೇ ಲಗತ್ತಿಸಿ. ಮತ್ತೆ ಕೇಳುವ ಅವಕಾಶವನ್ನೇ ಕೊಡಬೇಡಿ.

ವೀಸಾಕ್ಕೆ ಬೇಕಾಗಿದ್ದು ಇವು: ಪಾಸ್‌ಪೋರ್ಟ್, ಬಿಳಿ ಹಿನ್ನೆಲೆಯ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕೆಲಸದ ಕಡೆಯ ರಜೆ ಪತ್ರ, ವಿಮಾನ ಮತ್ತು ಹೋಟೆಲ್ ಬುಕಿಂಗ್. ಇವುಗಳ ಜೊತೆಗೆ ಯಾವ ದಿನ ಎಲ್ಲಿರುತ್ತೇವೆ, ಎಲ್ಲಿ ಉಳಿಯುತ್ತೇವೆ ಅಂತ ದಿನದ ಲೆಕ್ಕದಲ್ಲಿ ಒಂದು ಪಟ್ಟಿ. ಈ ಪಟ್ಟಿಯನ್ನು ಜಪಾನಿನವರು ಬಹಳ ಗಮನವಿಟ್ಟು ನೋಡುತ್ತಾರೆ. ಸ್ಟೇಡಿಯಂ ಟಿಕೆಟ್ಟಿನ ಪ್ರತಿಯನ್ನೂ ಅದಕ್ಕೆ ಹಚ್ಚಿದೆವು. ಅರ್ಜಿ ಕೊಡುವುದು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ. ನಾವು ಹೋದಾಗ ವೀಸಾ ಶುಲ್ಕವೇನೂ ದುಬಾರಿಯಾಗಿರಲಿಲ್ಲ. ಕೇಂದ್ರದವರ ಸೇವಾ ಶುಲ್ಕ ಸೇರಿದರೂ ಒಬ್ಬರಿಗೆ ಎರಡು ಸಾವಿರ ದಾಟಲಿಲ್ಲ. ಹಾಸನದಿಂದ ಬೆಂಗಳೂರಿಗೆ ಓಡಾಡಿದ ಖರ್ಚೇ ಅದಕ್ಕಿಂತ ಜಾಸ್ತಿ.

ನಿಜವಾದ ತೊಡಕು ಬಂದಿದ್ದು ಹುಡುಗಿಯ ಅರ್ಜಿಯಲ್ಲಿ. ಅವಳಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಅಪ್ಪ ಅಮ್ಮ ಜೊತೆಗಿಲ್ಲದೆ ದೊಡ್ಡಮ್ಮನ ಜೊತೆ ಹೋಗುತ್ತಿದ್ದಾಳೆ. ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ, ಹುಡುಗಿಯ ಜನನ ಪ್ರಮಾಣಪತ್ರ, ಇಷ್ಟನ್ನು ತಂದಿದ್ದೆವು. ಕೌಂಟರಿನಲ್ಲಿ ಕೂತಿದ್ದ ಹುಡುಗ ಎಲ್ಲವನ್ನೂ ತಿರುವಿ ಹಾಕಿ, ‘ನೀವು ಇವರಿಗೆ ದೊಡ್ಡಮ್ಮ ಅನ್ನುವುದಕ್ಕೆ ದಾಖಲೆ?’ ಅಂದ. ಜನನ ಪ್ರಮಾಣಪತ್ರದಲ್ಲಿ ನನ್ನ ತಂಗಿಯ ಹೆಸರು ಇನಿಷಿಯಲ್ ಇಲ್ಲದೆ ಬರೀ ಕರೆಯುವ ಹೆಸರಾಗಿತ್ತು. ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಪೂರ್ತಿ ಇತ್ತು. ಎರಡೂ ಒಬ್ಬರದೇ ಅಂತ ಅವರು ಹೇಗೆ ನಂಬಬೇಕು? ಆ ಹುಡುಗ ಸೌಜನ್ಯವಾಗಿಯೇ ಮಾತಾಡಿದ. ಆದರೆ ವಾಪಸು ಹೋಗಿ ಬನ್ನಿ ಅಂದಾಗ ನಮ್ಮ ಹುಡುಗಿಯ ಕಣ್ಣಲ್ಲಿ ನೀರು ನಿಂತಿತ್ತು.

ಆಗ ಕೈ ಹಿಡಿದಿದ್ದು ವಂಶವೃಕ್ಷ. ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ಅಂತ ನಾಡಕಚೇರಿಯಲ್ಲಿ ಮಾಡಿಸಿಟ್ಟ ವಂಶವೃಕ್ಷ ಪ್ರಮಾಣಪತ್ರ ಮನೆಯಲ್ಲಿತ್ತು. ಅದರಲ್ಲಿ ನಾನೂ ತಂಗಿಯೂ ಒಂದೇ ಅಪ್ಪನ ಮಕ್ಕಳು ಅಂತ ಮುದ್ರೆ ಸಮೇತ ಇದೆ. ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿದೆವು. ಹೆಸರಿನ ವ್ಯತ್ಯಾಸಕ್ಕೆ ತಂಗಿ ಛಾಪಾ ಕಾಗದದಲ್ಲಿ ಒಂದು ಅಫಿಡವಿಟ್ ಮಾಡಿಕೊಟ್ಟಳು. ಎರಡನೆಯ ಸಲ ಅರ್ಜಿ ತಗೊಂಡರು. ಚಿಕ್ಕಮ್ಮ, ದೊಡ್ಡಮ್ಮ, ಮಾವ ಯಾರೇ ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೂ ಈ ಎರಡು ಕಾಗದ ಮೊದಲೇ ಇಟ್ಟುಕೊಳ್ಳಿ.

ಇನ್ನೊಂದು ಬಹಳ ಮುಖ್ಯ. ನಮಗೆ ಬಂದಿದ್ದು ಇ-ವೀಸಾ. ಪಾಸ್‌ಪೋರ್ಟಿನಲ್ಲಿ ಚೀಟಿ ಅಂಟಿಸಿ ಕೊಡುವುದಿಲ್ಲ. ಅದನ್ನು ವಿಮಾನ ನಿಲ್ದಾಣದಲ್ಲಿ ಇಂಟರ್ನೆಟ್ ಇರುವ ಮೊಬೈಲಿನಲ್ಲಿ, ಅಲ್ಲೇ ತೆರೆದು ತೋರಿಸಬೇಕು. ಪ್ರಿಂಟ್ ನಡೆಯುವುದಿಲ್ಲ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ನಮ್ಮ ಮುಂದೆ ನಿಂತಿದ್ದ ದಂಪತಿ ಪ್ಲಾಸ್ಟಿಕ್ ಕವರಿನಲ್ಲಿ ಚೆಂದವಾಗಿ ಪ್ರಿಂಟ್ ಇಟ್ಟುಕೊಂಡು ಬಂದಿದ್ದರು. ಅವರನ್ನು ಪಕ್ಕಕ್ಕೆ ನಿಲ್ಲಿಸಿ ಮೊಬೈಲಿನಲ್ಲಿ ತೆಗೆಸುವಷ್ಟರಲ್ಲಿ ಇಬ್ಬರೂ ಬೆವತುಹೋಗಿದ್ದರು. ಜಪಾನಿನಲ್ಲಿ ಇಳಿದ ತಕ್ಷಣ ಇಂಟರ್ನೆಟ್ ಸಿಗುವ ವ್ಯವಸ್ಥೆಯನ್ನು ಇಲ್ಲಿಂದಲೇ ಮಾಡಿಕೊಂಡು ಹೊರಡಿ.

ಬೆಂಗಳೂರಿನಿಂದ ಟೋಕಿಯೋದ ನರಿತಾ ನಿಲ್ದಾಣಕ್ಕೆ ನೇರ ವಿಮಾನ ಇದೆ. ಉಳಿಯುವುದಕ್ಕೆ ನಾವು ಅಸಕುಸಬಾಶಿ ಅನ್ನುವ ಬಡಾವಣೆ ಹಿಡಿದೆವು. ಇದನ್ನು ಬರೆದಿಟ್ಟುಕೊಳ್ಳಿ. ನರಿತಾದಿಂದ ಅಲ್ಲಿಗೆ ಬದಲಾಯಿಸದೆ ಬರುವ ರೈಲು ಇದೆ, 1,300 ಯೆನ್ ಆಸುಪಾಸು. ನಾವು ಹೋದಾಗ ಒಂದು ಯೆನ್ ಅಂದರೆ ಹೆಚ್ಚುಕಡಿಮೆ ಅರವತ್ತು ಪೈಸೆ. ಅಲ್ಲಿಂದ ಹಳದಿ ಪಟ್ಟಿಯ ಛೂಓ-ಸೋಬು ಲೋಕಲ್ ಹತ್ತಿದರೆ ಸ್ಟೇಡಿಯಂ ಪಕ್ಕದ ಸೆಂದಗಾಯ ನಿಲ್ದಾಣದಲ್ಲೇ ಇಳಿಯಬಹುದು, ಎಲ್ಲೂ ಬದಲಾಯಿಸಬೇಕಿಲ್ಲ. ಆದರೆ ಸೆಪ್ಟೆಂಬರ್ 15ರ ಸೋಮವಾರ ಅಲ್ಲಿ ಹಿರಿಯರ ಗೌರವ ದಿನದ ರಜೆ. ಶನಿವಾರ, ಭಾನುವಾರ ಸೇರಿ ಮೂರು ದಿನದ ರಜೆಯಾಗಿ ಹೋಟೆಲ್ ದರ ಏರಿಬಿಟ್ಟಿತ್ತು. ಎರಡು ಮಂಚದ ನಡುವೆ ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗವಿಲ್ಲದ ರೂಮಿಗೆ ರಾತ್ರಿಗೆ 12,000 ಯೆನ್ ಕೊಟ್ಟೆವು. ಊಟಕ್ಕೆ ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡಿದ್ದೆವು. ಸಸ್ಯಾಹಾರಿಗಳು ಹಾಗೆ ಮಾಡುವುದೇ ಒಳ್ಳೆಯದು. ನೋಡಲು ಬರೀ ಸೊಪ್ಪಿನ ಸಾರಿನಂತಿದ್ದರೂ ಅದರಲ್ಲಿ ಮೀನಿನ ರಸ ಇರುತ್ತದೆ. ತಾಜಾ ಹಣ್ಣು ಮಾತ್ರ ತಗೊಂಡು ಹೋಗಬೇಡಿ, ಒಳಗೆ ಬಿಡುವುದಿಲ್ಲ.

13ರ ಸಂಜೆ. ಸೆಂದಗಾಯದಲ್ಲಿ ಇಳಿದರೆ ಜನವೋ ಜನ. ಬಿಸಿಲು ಇಳಿದಿದ್ದರೂ ಸೆಖೆ ಮಂಗಳೂರಿನ ಹಾಗೆ ಮೈಗೆ ಅಂಟುತ್ತಿತ್ತು. ಸ್ಟೇಡಿಯಂ ಸುತ್ತ ಮೇಲಿಂದ ಕೆಳಗಿನವರೆಗೆ ಮರದ ಪಟ್ಟಿಗಳ ಸೂರು. ವಾಸ್ತುಶಿಲ್ಪಿ ಕೆಂಗೊ ಕುಮಾ ಜಪಾನಿನ 47 ಪ್ರಾಂತ್ಯಗಳಿಂದಲೂ ಮರ ತರಿಸಿ ಮಾಡಿಸಿದ್ದಂತೆ. ಬ್ಯಾಗ್ ತಪಾಸಣೆಯ ಸಾಲು ಉದ್ದ ಇತ್ತು, ಆದರೆ ಒಬ್ಬರೂ ತಳ್ಳಲಿಲ್ಲ. ಎರಡು ಗಂಟೆ ಮುಂಚೆ ಹೋಗಿ, ಅಷ್ಟು ಸಮಯ ಬೇಕೇ ಬೇಕು.

ಹೀಟ್ಸ್ ಯಾಕೆ ನೋಡಬೇಕು ಅಂದೆನಲ್ಲ, ಈಗ ಹೇಳುತ್ತೇನೆ. ಫೈನಲ್‌ನಲ್ಲಿ ಇರುವುದು ಎಂಟೊಂಬತ್ತು ಜನ, ಒಂದೇ ಓಟ. ಹೀಟ್ಸ್‌ನಲ್ಲಿ ಒಂದರ ಹಿಂದೆ ಒಂದು ಓಟ ನಡೆಯುತ್ತದೆ. ಚಿಕ್ಕ ಚಿಕ್ಕ ದ್ವೀಪಗಳಿಂದ ಬಂದ ಹುಡುಗಿಯರು ಒಲಿಂಪಿಕ್ ಚಾಂಪಿಯನ್ ಪಕ್ಕದಲ್ಲಿ ನಿಂತಿರುತ್ತಾರೆ. ಅವರಲ್ಲಿ 24 ಮಂದಿಗೆ ಮಾತ್ರ ಸೆಮಿಫೈನಲ್ ಬಾಗಿಲು. ದೊಡ್ಡವರು ಕೊನೆಯಲ್ಲಿ ಹಗುರ ಮಾಡುತ್ತಾರೆ, ಹಾಗಾಗಿ ಸ್ಟಾರ್ಟ್‌ನ ಕೆಲಸವನ್ನು ಬಿಡಿಸಿ ನೋಡಬಹುದು. ನಾನು ಬೈನಾಕ್ಯುಲರ್ ತಂದಿದ್ದೆ. ಹುಡುಗಿ ಅದನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ‘ದೊಡ್ಡಮ್ಮ, ಅವರು ಪಾದದಲ್ಲಿ ಅಳೀತಿದ್ದಾರೆ ನೋಡಿ’ ಅಂದಳು. ಓಟ ಶುರುಮಾಡುವಾಗ ಕಾಲೂರಿ ಚಿಮ್ಮುವ ಬ್ಲಾಕ್ ಇಡುವ ಮುಂಚೆ ಗೆರೆಯಿಂದ ಹಿಂದಕ್ಕೆ ಹಿಮ್ಮಡಿಗೆ ಬೆರಳು ತಾಗಿಸಿ ಪಾದ ಎಣಿಸುತ್ತಾರೆ. ಆಮೇಲೆ ಬ್ಲಾಕನ್ನು ಅಲ್ಲಿಗೆ ಗಟ್ಟಿಯಾಗಿ ಮೆಟ್ಟಿ, ಒಂದು ಸಲ ಹೊರಚಿಮ್ಮಿ ನೋಡಿ, ಹಿಂದಕ್ಕೆ ಬಂದು ಒಂದು ಹಲ್ಲು ಮುಂದೆ ತಳ್ಳುತ್ತಾರೆ. ನಮ್ಮ ಮೈದಾನದಲ್ಲಿ ನಾನು ದಿನಾ ಹೇಳುವುದೂ ಅದನ್ನೇ. ಮಕ್ಕಳು ಕಾಟಾಚಾರಕ್ಕೆ ಎಣಿಸಿ ಕೂತುಬಿಡುತ್ತಾರೆ. ಇಲ್ಲಿ ಜಗತ್ತಿನ ಅತಿ ವೇಗದ ಹೆಂಗಸರು ಒಂದು ಬೆರಳಿನ ಅಗಲಕ್ಕೆ ಮೂರು ಸಲ ಬಗ್ಗಿ ಎದ್ದರು.

ಇನ್ನೊಂದು ವಿಷಯವನ್ನು ಟಿವಿಯಲ್ಲಿ ಕೇಳುವುದಕ್ಕೇ ಆಗುವುದಿಲ್ಲ. ಪ್ರತಿ ಬ್ಲಾಕಿನ ಹಿಂದೆಯೂ ಒಂದು ಸ್ಪೀಕರ್ ಇರುತ್ತದೆ. ಎಲ್ಲ ಲೇನಿನವರಿಗೂ ಗನ್ನಿನ ಸದ್ದು ಒಂದೇ ಕ್ಷಣಕ್ಕೆ ತಲುಪಲಿ ಅಂತ. ದೂರ ಕೂತ ನಮಗೆ ಮಾತ್ರ ಮೊದಲು ಮೈಗಳು ಚಿಮ್ಮಿದ್ದು ಕಾಣಿಸಿ, ಆಮೇಲೆ ಸದ್ದು ಕೇಳಿಸಿತು. ನೂರು ಮೀಟರ್ ದಾಟಲು ಸದ್ದಿಗೂ ಸುಮಾರು 0.3 ಸೆಕೆಂಡ್ ಬೇಕು. ಗನ್ ಆದ 0.1 ಸೆಕೆಂಡಿನೊಳಗೆ ಕದಲಿದರೆ ಅದು ಫಾಲ್ಸ್ ಸ್ಟಾರ್ಟ್, ಆಟ ಅಲ್ಲಿಗೆ ಮುಗಿಯಿತು. ಒಂದೇ ತಪ್ಪಿಗೆ ಹೊರಗೆ.

ಆ ಸಾಲಿನಲ್ಲಿ ನಮ್ಮ ದೇಶದ ಹುಡುಗಿ ಒಬ್ಬಳೂ ಇರಲಿಲ್ಲ. ಅದು ಮನಸ್ಸಿಗೆ ನಾಟಿತು. ಈ ಚಾಂಪಿಯನ್‌ಷಿಪ್‌ಗೆ ಪ್ರವೇಶದ ಸಮಯ 11.07 ಸೆಕೆಂಡ್. ನಮ್ಮ ರಾಷ್ಟ್ರೀಯ ದಾಖಲೆ ದ್ಯುತಿ ಚಂದ್ 2021ರಲ್ಲಿ ಪಟಿಯಾಲಾದಲ್ಲಿ ಓಡಿದ 11.17. ಅಂದರೆ ಭಾರತದ ಅತಿ ವೇಗದ ಓಟಕ್ಕೂ ಬಾಗಿಲು ತೆರೆಯಲು ಇನ್ನೂ ಹತ್ತನೇ ಒಂದು ಸೆಕೆಂಡ್ ಬೇಕು. ಓಟದ ಲೆಕ್ಕದಲ್ಲಿ ಅದು ಒಂದು ಮೀಟರಿನಷ್ಟು ದೂರ. ದ್ಯುತಿಯ ಹೆಸರು ಬಂದಾಗ ಹುಡುಗಿಗೆ ಅವರ ಕಥೆಯನ್ನೂ ಹೇಳಿದೆ. 2014ರಲ್ಲಿ ದೇಹದ ಹಾರ್ಮೋನ್ ಪ್ರಮಾಣದ ನೆಪದಲ್ಲಿ ಅವರನ್ನು ಕಾಮನ್‌ವೆಲ್ತ್ ಗೇಮ್ಸ್ ತಂಡದಿಂದ ಹೊರಗಿಟ್ಟರು. ಅವರು ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಆ ನಿಯಮಕ್ಕೆ ತಡೆ ತಂದರು, 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದರು. ಈಗ ನಿಯಮ ಮತ್ತೆ ಬದಲಾಗಿದೆ. 2025ರ ಸೆಪ್ಟೆಂಬರ್ 1ರಿಂದ, ವಿಶ್ವ ರ್ಯಾಂಕಿಂಗ್ ಲೆಕ್ಕಕ್ಕೆ ಬರುವ ಕೂಟಗಳ ಮಹಿಳೆಯರ ವಿಭಾಗದಲ್ಲಿ ಓಡುವ ಎಲ್ಲರೂ, ಗಂಡು ಲಿಂಗ ನಿರ್ಧರಿಸುವ ಜೀನ್ ಇದೆಯೇ ಅಂತ ನೋಡುವ ಪರೀಕ್ಷೆಯನ್ನು ಒಂದು ಸಲ ಮಾಡಿಸಬೇಕು. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತಗೊಳ್ಳುತ್ತಾರೆ, ಇಲ್ಲವೇ ರಕ್ತ. ಟೋಕಿಯೋ ಟ್ರ್ಯಾಕಿನಲ್ಲಿ ನಿಂತ ಹೆಂಗಸರಿಗೂ ಆ ನಿಯಮ ಅನ್ವಯಿಸಿತ್ತು. ಮೇಲಿನ ಹಂತಕ್ಕೆ ಹೋಗುವ ಆಸೆಯಿರುವ ಹುಡುಗಿಯರ ಮನೆಯವರು ಇದನ್ನು ತಿಳಿದುಕೊಂಡಿರಲಿ. ಮಕ್ಕಳಿಗೆ ಮೊದಲೇ, ಮೆಲ್ಲಗೆ, ಮನೆಯವರ ಬಾಯಿಂದಲೇ ಗೊತ್ತಾಗಬೇಕು. ಯಾವುದೋ ಕಚೇರಿಯ ಬಾಗಿಲಲ್ಲಿ ನಿಂತಾಗ ಗೊತ್ತಾಗಬಾರದು.

14ರ ಸಂಜೆ ಇನ್ನೂ ಹೆಚ್ಚು ಜನ. ಸೆಮಿಫೈನಲ್ ಮುಗಿದ ಮೇಲೆ ಫೈನಲ್‌ಗೆ ಎರಡು ಗಂಟೆಯಷ್ಟು ಬಿಡುವು. ಆ ಹೊತ್ತಿನಲ್ಲಿ ಪುರುಷರ 10,000 ಮೀಟರ್ ನಡೆಯಿತು. ನಮ್ಮ ಗುಲ್ವೀರ್ ಸಿಂಗ್ ಓಡುತ್ತಿದ್ದರು. ಪ್ರತಿ ಸುತ್ತಿಗೂ ನಾವು ಗಂಟಲು ಹರಿದುಹೋಗುವಂತೆ ಕೂಗಿದೆವು. ಪಕ್ಕದಲ್ಲಿದ್ದ ಜಪಾನಿ ಅಜ್ಜಿಯೊಬ್ಬರು ನಾವು ಕೂಗಿದಾಗಲೆಲ್ಲ ನಮ್ಮ ಜೊತೆ ಚಪ್ಪಾಳೆ ಹೊಡೆಯುತ್ತಿದ್ದರು.

ಮಹಿಳೆಯರ ಫೈನಲ್ ರಾತ್ರಿ 10 ಗಂಟೆ 13 ನಿಮಿಷಕ್ಕೆ. ಒಬ್ಬೊಬ್ಬರ ಹೆಸರು ಕರೆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸೇಂಟ್ ಲೂಸಿಯಾದ ಜೂಲಿಯನ್ ಆಲ್ಫ್ರೆಡ್. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 10.65 ಓಡಿ ಗೆದ್ದಿದ್ದ ಶಕ್ಯಾರಿ ರಿಚರ್ಡ್‌ಸನ್. ಜಮೈಕಾದ ಶೆರಿಕಾ ಜಾಕ್ಸನ್. ಆಮೇಲೆ ಶೆಲ್ಲಿ-ಆ್ಯನ್ ಫ್ರೇಜರ್-ಪ್ರೈಸ್. ಆ ಹೆಸರು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತ ಹಾಗಾಯಿತು. 100 ಮೀಟರಿನಲ್ಲೇ ಐದು ವಿಶ್ವ ಚಿನ್ನ, ಎರಡು ಒಲಿಂಪಿಕ್ ಚಿನ್ನ. ವಯಸ್ಸು 38, ಒಬ್ಬ ಮಗನ ತಾಯಿ. ಇದು ಅವರ ಕೊನೆಯ ವಿಶ್ವ ಚಾಂಪಿಯನ್‌ಷಿಪ್. 2007ರಲ್ಲಿ ಇದೇ ಜಪಾನಿನ ಒಸಾಕಾದಲ್ಲಿ ಅವರು ಮೊದಲ ಸಲ ಈ ಕೂಟಕ್ಕೆ ಬಂದಿದ್ದು. ಹೆರಿಗೆಯಾದ ಮೇಲೆ ಓಟ ಬಿಟ್ಟ ಎಷ್ಟು ಹುಡುಗಿಯರು ನನ್ನ ಜೊತೆಯವರಲ್ಲೇ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಆ ಪುಟ್ಟ ಹೆಂಗಸು ಬ್ಲಾಕಿನ ಹತ್ತಿರ ಬಗ್ಗುವುದನ್ನು ನೋಡಿ ನನಗೆ ಅಳು ಬಂತು.

ಪರದೆಯ ಮೇಲೆ ಸುಮ್ಮನಿರಿ ಅಂತ ಸೂಚನೆ ಬಂದದ್ದೇ ಅಷ್ಟೂ ಜನ ಉಸಿರು ಬಿಗಿಹಿಡಿದು ಕೂತರು. ಮೈಗಳು ಚಿಮ್ಮಿದವು, ಆಮೇಲೆ ಸದ್ದು. ಮೂವತ್ತು ಮೀಟರಿನವರೆಗೆ ಯಾರು ಮುಂದೆ ಅಂತ ನನಗೆ ಗೊತ್ತಾಗಲಿಲ್ಲ. ನಮ್ಮ ಎದುರಿಗೆ ಬರುವಷ್ಟರಲ್ಲಿ ಜೆಫರ್ಸನ್-ವುಡನ್ ಒಬ್ಬರೇ ಬೇರೆಯಾಗಿದ್ದರು. ಭುಜ ಮೇಲೇರಿಲ್ಲ, ಕುತ್ತಿಗೆ ಬಿಗಿದಿಲ್ಲ, ಕೈ ಮುಖದ ಎತ್ತರಕ್ಕೆ ಬಂದು ಸೊಂಟದ ಹಿಂದಕ್ಕೆ ಹೋಗುತ್ತಿದೆ, ಅಷ್ಟೇ. ಉಳಿದವರ ಮುಖದಲ್ಲಿ ಬಿಗಿತ ಕಾಣುತ್ತಿತ್ತು. ‘ಭುಜ ಬಿಡು, ಭುಜ ಬಿಡು’ ಅಂತ ನಾನು ಮೈದಾನದಲ್ಲಿ ದಿನಾ ಕಿರುಚುತ್ತೇನೆ. ಆ ಮಾತಿನ ಅರ್ಥ ಪೂರ್ತಿಯಾಗಿ ಕಣ್ಣ ಮುಂದೆ ಓಡಿ ಹೋಯಿತು. ಹುಡುಗಿ ನನ್ನ ಮುಂಗೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಮಾರನೆಯ ದಿನವೂ ಇತ್ತು.

10.61. ಚಾಂಪಿಯನ್‌ಷಿಪ್ ದಾಖಲೆ. ಪ್ಯಾರಿಸ್‌ನಲ್ಲಿ ಕಂಚಿಗೆ ನಿಂತಿದ್ದವರು ಇವರೇ. ಎರಡನೆಯವರು ಜಮೈಕಾದ 21 ವರ್ಷದ ಟೀನಾ ಕ್ಲೇಟನ್, 10.76. ಮೂರನೆಯವರು ಆಲ್ಫ್ರೆಡ್, 10.84. ಶೆಲ್ಲಿ-ಆ್ಯನ್ 11.03ರಲ್ಲಿ ಆರನೆಯವರಾದರು. ನಗುನಗುತ್ತಾ ಕೈ ಬೀಸಿದರು. ನನ್ನ ಪಾಲಿಗೆ ಆ ಆರನೆಯ ಸ್ಥಾನಕ್ಕೂ ಪದಕದಷ್ಟೇ ತೂಕ. ಕೆಲವೇ ನಿಮಿಷದಲ್ಲಿ ಪುರುಷರ ಫೈನಲ್ ಕೂಡ ನಡೆದು ಒಬ್ಲಿಕ್ ಸೆವಿಲ್ 9.77ರಲ್ಲಿ ಗೆದ್ದರು. ಅದನ್ನು ನೋಡಲು ಉಸೇನ್ ಬೋಲ್ಟ್ ಕೂಡ ಸ್ಟೇಡಿಯಂನಲ್ಲಿದ್ದರು. ಆದರೆ ಹುಡುಗಿ ಇನ್ನೂ ಮಹಿಳೆಯರ ಓಟದ ಮರುಪ್ರಸಾರವನ್ನೇ ಪರದೆಯಲ್ಲಿ ಹುಡುಕುತ್ತಿದ್ದಳು.

ಹೊರಡುವಾಗ ಒಂದು ಎಚ್ಚರಿಕೆ. ಟೋಕಿಯೋ ರೈಲು ರಾತ್ರಿಯಿಡೀ ಓಡುವುದಿಲ್ಲ. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆಟ ಮುಗಿದು ಸ್ಟೇಡಿಯಂನಿಂದ ಹೊರಗೆ ಬರುವುದಕ್ಕೇ ಬಹಳ ಹೊತ್ತಾಗುತ್ತದೆ. ಸೆಂದಗಾಯದ ಬಾಗಿಲಲ್ಲಿ ಸಾಲು ಕದಲುತ್ತಲೇ ಇರಲಿಲ್ಲ. ಇನ್ನೊಂದು ನಿಲ್ದಾಣಕ್ಕೆ ಹತ್ತು ಹದಿನೈದು ನಿಮಿಷ ನಡೆದು ಹೋಗುವುದೇ ಮೇಲು. ಗಾಯೆನ್‌ಮಾಯೆ ಕೂಡ ಹತ್ತಿರವೇ ಇದೆ. ದಾರಿಯನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ, ರೈಲಿನ ಕಾರ್ಡಿಗೆ ದುಡ್ಡನ್ನೂ ಮೊದಲೇ ತುಂಬಿಸಿಕೊಳ್ಳಿ.

ಕೊನೆಯ ದಿನದವರೆಗೆ ಉಳಿಯುವಷ್ಟು ರಜೆಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. 21ರ ಮಹಿಳೆಯರ 4x100 ಮೀಟರ್ ರಿಲೇಯನ್ನು ಮನೆಯಲ್ಲೇ ನೋಡಿದೆವು. ಮಳೆಯಲ್ಲಿ ಶೆಲ್ಲಿ-ಆ್ಯನ್ ಮೊದಲ ಸರದಿ ಓಡಿ ಬೇಟನ್ ಕೊಟ್ಟರು. ಅಮೆರಿಕ 41.75, ಜಮೈಕಾ 41.79. ಬೆಳ್ಳಿಯೊಂದಿಗೆ ಅವರು ಓಟ ಮುಗಿಸಿದರು. ಜೆಫರ್ಸನ್-ವುಡನ್ ಅಷ್ಟರಲ್ಲಿ 200 ಮೀಟರನ್ನೂ 21.68ರಲ್ಲಿ ಗೆದ್ದಿದ್ದರು, ರಿಲೇ ಸೇರಿ ಮೂರು ಚಿನ್ನ.

ಒಟ್ಟು ಖರ್ಚು ಇಬ್ಬರಿಗೆ ಎರಡೂವರೆ ಲಕ್ಷ ದಾಟಿತು. ಅದರಲ್ಲಿ ಅರ್ಧದ ಹತ್ತಿರ ವಿಮಾನಕ್ಕೇ ಹೋಯಿತು. ನನಗೆ ಇದು ಸಣ್ಣ ಮೊತ್ತವಲ್ಲ, ಚೀಟಿ ಎತ್ತಿದ ದುಡ್ಡು. ಅದನ್ನು ಖರ್ಚು ಮಾಡಿದ್ದಕ್ಕೆ ಒಂದು ಚೂರೂ ಬೇಸರವಿಲ್ಲ. ಹುಡುಗಿ ಬಂದ ವಾರದಿಂದಲೇ ಬ್ಲಾಕ್ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ಮುಂದಿನ ಪಾದ ಎಷ್ಟು, ಹಿಂದಿನದು ಎಷ್ಟು, ಮೊದಲ ಹತ್ತು ಮೀಟರಿಗೆ ಎಷ್ಟು ಹೆಜ್ಜೆ. ನಾನು ಹೇಳದೆಯೇ.

ಹೋಗುವ ಮನಸ್ಸಿದ್ದವರಿಗೆ ಹತ್ತಿರದಲ್ಲಿ ಇರುವುದು ಏಷ್ಯನ್ ಗೇಮ್ಸ್. 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ, ಜಪಾನಿನ ಐಚಿ-ನಗೋಯಾದಲ್ಲಿ. ಅಥ್ಲೆಟಿಕ್ಸ್ ನಡೆಯುವುದು ನಗೋಯಾದ ಮಿಜುಹೊ ಸ್ಟೇಡಿಯಂನಲ್ಲಿ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಎರಡು ಗಂಟೆಯೊಳಗೆ ಸೇರಬಹುದು. ಅಲ್ಲಿ ನಮ್ಮ ಹುಡುಗಿಯರನ್ನು ಟ್ರ್ಯಾಕ್ ಮೇಲೆ ನೋಡುವ ಭಾಗ್ಯವೂ ಇದೆ. ಆಮೇಲಿನ ವಿಶ್ವ ಚಾಂಪಿಯನ್‌ಷಿಪ್ 2027ರಲ್ಲಿ ಬೀಜಿಂಗ್‌ನಲ್ಲಿ. ಯಾವುದಕ್ಕೇ ಹೊರಟರೂ ಹೆಸರಿನ ತೊಡಕನ್ನು ಮೊದಲು ಬಿಡಿಸಿಕೊಳ್ಳಿ. ನನ್ನ ತಂಗಿ ಮಗಳ ಜನನ ಪ್ರಮಾಣಪತ್ರದ ತಿದ್ದುಪಡಿಗೆ ಆಗಲೇ ಅರ್ಜಿ ಕೊಟ್ಟಿದ್ದಾಳೆ. ನಾನು ಇಲಾಖೆಯ ಅನುಮತಿಗೆ ಈ ಸಲ ದಸರಾ ರಜೆ ಮುಗಿದ ಕೂಡಲೇ ಬರೆಯುತ್ತೇನೆ.